ಪರಿಮಳದ ಚಹಾವೂ ಪ್ರತಿರೂಪಕ ವ್ಯವಹಾರವೂ

ಪರಿಮಳ ಬೆರೆಸಿದ ಕಪ್ಪು ಚಹಾ ಶ್ರಾವಕನಿಗೆ ತಕ್ಕುದಲ್ಲವೆಂಬ ಮಾತು ನಮ್ಮ ಸಮಾಜದ ಸಭೆ ಸಮಾರಂಭಗಳಲ್ಲಿ ಈಚೆಗೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಮಾತು ಹುಟ್ಟಿದುದಕ್ಕೆ ಕಾರಣವುಂಟು. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಉದ್ಯೋಗದಲ್ಲಿರುವ ಮಕ್ಕಳು ಊರಿಗೆ ಬರುವಾಗ 'ಅರ್ಲ್ ಗ್ರೇ' ಎಂಬ ಹೆಸರಿನ ತಗಡಿನ ಡಬ್ಬಿಗಳನ್ನು ತರುತ್ತಾರೆ. ಹಾಲು ಸಕ್ಕರೆಗಳಿಲ್ಲದ ಆ ಚಹಾವನ್ನು ಮೂಗಿನ ಬಳಿ ಹಿಡಿದು, ಕಣ್ಮುಚ್ಚಿ ಆಘ್ರಾಣಿಸಿ, ಹೂವಿನ ಛಾಯೆಯಿದೆ, ಹಣ್ಣಿನ ಸಿಪ್ಪೆಯ ಛಾಯೆಯಿದೆ ಎಂದು ವರ್ಣಿಸುತ್ತಾ ಗುಟುಕು ಗುಟುಕಾಗಿ ಸವಿಯುತ್ತಾರೆ. ಇದನ್ನು ಕಂಡ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಚಹಾವೇ ಒಂದು ಚಟ, ಅದಕ್ಕೆ ಅತ್ತರಿನ ಶೃಂಗಾರ ಬೇರೆ, ಇದು ಜಿಹ್ವಾಲೋಲುಪತೆಯಲ್ಲದೆ ಮತ್ತೇನು ಎಂದು ಕೇಳುತ್ತಾರೆ. ಪ್ರವಚನಕಾರರೊಬ್ಬರು ಇದನ್ನೇ ಹಿಡಿದು ರಸಪರಿತ್ಯಾಗ ತಪಸ್ಸಿನ ಬಗೆಗೆ ಮುಕ್ಕಾಲು ಗಂಟೆ ಮಾತನಾಡಿದುದನ್ನು ನಾನು ಕುಳಿತು ಕೇಳಿದ್ದೇನೆ.

ಈ ಆಕ್ಷೇಪಣೆ ತಪ್ಪು ದಿಕ್ಕಿಗೆ ಬಿಟ್ಟ ಬಾಣವೆಂಬುದು ನನ್ನ ವಾದ. ಆ ಬಟ್ಟಲಿನಲ್ಲಿ ದೋಷವಿಲ್ಲವೆಂದಲ್ಲ. ದೋಷವಿದೆ. ಆದರೆ ಅದು ಸವಿಯುವವನ ನಾಲಿಗೆಯಲ್ಲಿಲ್ಲ, ಮಾರುವವನ ಮಾತಿನಲ್ಲಿದೆ. ನಾವು, ಅಂದರೆ ತಲೆಮಾರುಗಳಿಂದ ತಕ್ಕಡಿ ಹಿಡಿದು ಬಂದ ಸಮಾಜದವರು, ಮೊದಲನೆಯದನ್ನು ಹುಡುಕಿ ಹುಡುಕಿ ಖಂಡಿಸುತ್ತೇವೆ. ಎರಡನೆಯದರ ಮುಂದೆ ಮೌನವಾಗುತ್ತೇವೆ. ಮೌನಕ್ಕೆ ಕಾರಣ ನಮಗೆ ತಿಳಿಯದ್ದೇನಲ್ಲ.

ಮೊದಲು ವಸ್ತುವಿನ ಪರಿಚಯವಾಗಲಿ. ಬರ್ಗಮಾಟ್ ಎಂಬುದು ನಿಂಬೆಯ ಕುಲಕ್ಕೆ ಸೇರಿದ ಒಂದು ಹಣ್ಣು. ಕಹಿಕಿತ್ತಳೆ ಮತ್ತು ನಿಂಬೆಗಳ ಸಂಕರದಿಂದ ಹುಟ್ಟಿದುದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಜಗತ್ತಿನ ಬೆಳೆಯ ಬಹುಪಾಲು ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾ ಪ್ರಾಂತದ ಕಡಲಂಚಿನ ಒಂದು ಕಿರಿದಾದ ಪಟ್ಟಿಯಿಂದ ಬರುತ್ತದೆ. ಅದರ ತಿರುಳನ್ನು ಯಾರೂ ಹಣ್ಣೆಂದು ಸುಲಿದು ತಿನ್ನುವುದಿಲ್ಲ, ಅಷ್ಟು ಹುಳಿ, ಅಷ್ಟು ಕಹಿ. ಬೆಲೆಯೆಲ್ಲ ಸಿಪ್ಪೆಗೆ. ಸಿಪ್ಪೆಯನ್ನು ಬಿಸಿ ತಾಗಿಸದೆ ಒತ್ತಿ ತೆಗೆದ ಎಣ್ಣೆಯೇ ಪರಿಮಳದ ಮೂಲ. ಒಂದು ಕಿಲೋ ಎಣ್ಣೆಗೆ ಸುಮಾರು 200 ಕಿಲೋ ಹಣ್ಣು ಬೇಕು. 'ಓಡಿಕೊಲೋನ್' ಎಂಬ ಸುಗಂಧಜಲವನ್ನು ಬಲ್ಲ ಓದುಗರಿಗೆ ಈ ವಾಸನೆ ಹೊಸದಲ್ಲ. ಅದರ ಮುಖ್ಯ ದ್ರವ್ಯಗಳಲ್ಲಿ ಬರ್ಗಮಾಟ್ ಎಣ್ಣೆಯೂ ಒಂದು. ಅದನ್ನೂ ಕಾಣದವರು ನಮ್ಮ ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿ ನೋಡಲಿ. ಅದೇ ಅಲ್ಲ, ಆದರೆ ನೆಂಟಸ್ತಿಕೆ ಗೊತ್ತಾಗುತ್ತದೆ. ಹೇರಳೆಯಲ್ಲಿ ಕಹಿ ಮುಂದಾಗಿ ಬರುತ್ತದೆ, ಬರ್ಗಮಾಟಿನಲ್ಲಿ ಹೂವು ಮುಂದಾಗಿ ಬರುತ್ತದೆ.

ಹೂವಿನ ಆ ಛಾಯೆಗೆ ರಸಾಯನಶಾಸ್ತ್ರದಲ್ಲಿ ಹೆಸರಿದೆ. ಬರ್ಗಮಾಟ್ ಎಣ್ಣೆಯಲ್ಲಿ ಲಿಮೊನೀನ್, ಲಿನಲೂಲ್, ಲಿನಲಿಲ್ ಅಸಿಟೇಟ್ ಎಂಬ ಮೂರು ದ್ರವ್ಯಗಳು ಪ್ರಧಾನ. ಇವುಗಳಲ್ಲಿ ಲಿನಲೂಲ್ ನಮ್ಮ ಅಡಿಗೆಮನೆಯ ಕೊತ್ತಂಬರಿ ಬೀಜದಲ್ಲೂ ಇದೆ. ಇನ್ನೂ ಕುತೂಹಲದ ಸಂಗತಿಯೆಂದರೆ, ಯಾವ ಪರಿಮಳವನ್ನೂ ಬೆರೆಸದ ಒಳ್ಳೆಯ ಚಹಾ ಎಲೆಯಲ್ಲೂ ಅದು ತಾನಾಗಿಯೇ ಇರುತ್ತದೆ. ಗುಂಡ್ಲುಪೇಟೆ ದಾಟಿ ಘಟ್ಟ ಹತ್ತಿದರೆ ಸಿಕ್ಕುವ ನೀಲಗಿರಿಯ ತೋಟಗಳಲ್ಲಿ ಚಳಿಗಾಲದಲ್ಲಿ ಕೊಯ್ದು, ಪುಡಿಗುಟ್ಟದೆ ಹಳೆಯ ಕ್ರಮದಲ್ಲಿ ಎಲೆ ಹೊಸೆದು ಮಾಡಿದ ಚಹಾಕ್ಕೆ ಹೂವಿನ ಗಂಧವಿರುವುದು ಇದರಿಂದಲೇ. ಆದ್ದರಿಂದ ಬರ್ಗಮಾಟ್ ಚಹಾಕ್ಕೆ ಹೊಂದಿಕೊಳ್ಳುವುದು ಕೇವಲ ಷೋಕಿಯ ಮಾತಲ್ಲ. ಎಲೆಯೊಳಗೆ ಮೊದಲೇ ಇರುವ ಒಂದು ಗುಣವನ್ನು ಅದು ಎತ್ತಿ ತೋರಿಸುತ್ತದೆ. ಎಲೆಯಲ್ಲಿ ಆ ಗುಣ ಇಲ್ಲದಿದ್ದರೆ? ಆಗ ಇದೆಯೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ನನ್ನ ವಾದವೆಲ್ಲ ಈ ಎರಡು ಕೆಲಸಗಳ ನಡುವಿನ ಅಂತರದ ಮೇಲೆ ನಿಂತಿದೆ.

ಇನ್ನು ರಸಪರಿತ್ಯಾಗದ ವಿಚಾರ. ಪ್ರವಚನಕಾರರು ಶಾಸ್ತ್ರದ ಹೆಸರು ಹೇಳಿದುದರಿಂದ ಶಾಸ್ತ್ರದ ಲೆಕ್ಕವನ್ನೇ ನೋಡೋಣ. ತ್ಯಜಿಸಲು ಹೇಳಿರುವ ರಸಗಳು ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಅಥವಾ ಸಕ್ಕರೆ, ಉಪ್ಪು ಎಂದು ಆರು. ಕಪ್ಪು ಚಹಾದ ಬಟ್ಟಲಿನಲ್ಲಿ ಈ ಆರರಲ್ಲಿ ಯಾವುದಿದೆ? ಒಂದೂ ಇಲ್ಲ. ಅದನ್ನು ಖಂಡಿಸುವ ನಮ್ಮ ಹಿರಿಯರ ಲೋಟದಲ್ಲಿ ಎಷ್ಟಿವೆ? ಹಾಲು ಒಂದು, ಸಕ್ಕರೆ ಎರಡು, ಅದೂ ಲೋಟಕ್ಕೆ ಎರಡು ಚಮಚ. ಕೆಲವರ ಲೋಟದಲ್ಲಿ ಹಸಿಶುಂಠಿಯೂ ಜಜ್ಜಿ ಬಿದ್ದಿರುತ್ತದೆ. ಹಸಿಶುಂಠಿಯನ್ನು ಬಿಡಬೇಕೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರೆತ್ತಿಯೇ ಹೇಳಿದೆ. ನಿಂಬೆಯ ಜಾತಿಯ ಹಣ್ಣಿನ ಸಿಪ್ಪೆಯನ್ನು ಆ ಪಟ್ಟಿಯಲ್ಲಿ ಹೇಳಿಲ್ಲ. ಶಾಸ್ತ್ರವನ್ನು ಹಿಡಿದು ಹೊಡೆಯುವವರು ಯಾವ ತುದಿಯಲ್ಲಿ ಹಿಡಿದಿದ್ದೇವೆಂದು ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯದಾಗಿ, ಇಲ್ಲಿ ಇಂದ್ರಿಯವೇ ಬೇರೆ. ಪುದ್ಗಲದ ಗುಣಗಳನ್ನು ಹೇಳುವಾಗ ನಮ್ಮವರು ರಸಗಳನ್ನು ಐದೆಂದೂ ಗಂಧಗಳನ್ನು ಎರಡೆಂದೂ ಬೇರೆ ಬೇರೆಯಾಗಿ ಎಣಿಸಿದ್ದಾರೆ. ಬರ್ಗಮಾಟ್ ನಾಲಿಗೆಗೆ ಏನನ್ನೂ ಕೊಡುವುದಿಲ್ಲ, ಅದು ಕೊಡುವುದೆಲ್ಲ ಮೂಗಿಗೆ. ಮೂಗನ್ನು ಬಿಗಿಯಾಗಿ ಹಿಡಿದು ಒಂದು ಗುಟುಕು ಕುಡಿದರೆ ಯಾವ ಚಹಾವೆಂದು ಹೇಳಲು ಬರುವುದಿಲ್ಲ, ಯಾರು ಬೇಕಾದರೂ ಮಾಡಿ ನೋಡಬಹುದು. ಆಗ ಬಾಯಿಯಲ್ಲಿ ಉಳಿಯುವುದು ಸ್ವಲ್ಪ ಕಹಿ ಮತ್ತು ಒಗರು ಮಾತ್ರ. ಆ ಒಗರಿಗೇ ನಮ್ಮ ಶಾಸ್ತ್ರಕಾರರು 'ಕಷಾಯ' ಎಂದರು. ಕ್ರೋಧ ಮಾನ ಮಾಯಾ ಲೋಭಗಳಿಗೂ ಕಷಾಯವೆಂದರು. ನಮ್ಮ ಅಜ್ಜಿಯರು ಮೆಣಸು ಜೀರಿಗೆ ಕುದಿಸಿ ಕೊಡುತ್ತಿದ್ದುದೂ ಕಷಾಯವೇ. ಈ ಮೂರು ಅರ್ಥಗಳೂ ಒಂದೇ ಬಟ್ಟಲಿನಲ್ಲಿ ಕೂಡುವ ಪಾನೀಯ ಚಹಾದ ಹೊರತು ಬೇರೊಂದನ್ನು ನಾನರಿಯೆ. ಇರಲಿ.

ಸವಿಯುವುದು ಬೇರೆ, ಸವಿಗೆ ಜೋತುಬೀಳುವುದು ಬೇರೆ. ಚಹಾ ಪರೀಕ್ಷಕನ ವೃತ್ತಿಯನ್ನು ನೋಡಿರಿ. ಹರಾಜಿಗೆ ಬಂದ ಚಹಾವನ್ನು ಆತ ಸಾಲಾಗಿಟ್ಟ ಬಿಳಿಯ ಬಟ್ಟಲುಗಳಲ್ಲಿ ಒಂದೇ ಅಳತೆಯ ನೀರಿನಲ್ಲಿ ಒಂದೇ ಹೊತ್ತು ನೆನೆಸಿ ಪರೀಕ್ಷಿಸುತ್ತಾನೆ. 1980ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಇದಕ್ಕೊಂದು ಮಾನವನ್ನೇ ಗೊತ್ತುಮಾಡಿತು: 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಚಮಚದಲ್ಲಿ ಎತ್ತಿದ ದ್ರವವನ್ನು ಆತ ಸದ್ದಾಗುವಂತೆ ಒಳಕ್ಕೆಳೆಯುತ್ತಾನೆ. ಗಾಳಿಯೊಡನೆ ಬೆರೆತು ಹಿಂಬದಿಯಿಂದ ಮೂಗಿಗೇರಲಿ ಎಂಬುದು ಅದರ ಉದ್ದೇಶ. ಬಣ್ಣ, ಒಗರು, ಗಾತ್ರ, ಗಂಧ ಎಲ್ಲವನ್ನೂ ತಿಳಿದ ಮೇಲೆ ಅದನ್ನು ಉಗುಳಿ ಮುಂದಿನ ಬಟ್ಟಲಿಗೆ ಹೋಗುತ್ತಾನೆ. ರಸವನ್ನು ಇವನಷ್ಟು ಸೂಕ್ಷ್ಮವಾಗಿ ತಿಳಿದವರಿಲ್ಲ. ಕುಡಿದದ್ದು ಮಾತ್ರ ಸೊನ್ನೆ. ತಿಳಿಯುವುದರಿಂದ ಬಂಧವಿಲ್ಲ, ರಾಗದಿಂದ ಬಂಧ ಎಂದು ನಾವು ಸ್ವಾಧ್ಯಾಯದಲ್ಲಿ ದಿನವೂ ಹೇಳಿಕೊಳ್ಳುವ ಮಾತಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಎಲ್ಲಿ ಸಿಕ್ಕೀತು? ಇದಕ್ಕೆ ಬದಲಾಗಿ, ದಿನಕ್ಕೆ ಆರು ಲೋಟ ಸಿಹಿ ಚಹಾವನ್ನು ಮಾತಿನ ನಡುವೆ ರುಚಿಯ ಪರಿವೆಯೇ ಇಲ್ಲದೆ ಗಂಟಲಿಗಿಳಿಸುವವನು ತಾನು ರಸದಲ್ಲಿ ಉದಾಸೀನನೆಂದುಕೊಂಡರೆ ಅದು ಉದಾಸೀನತೆಯಲ್ಲ, ಪ್ರಮಾದ. ಭೋಗೋಪಭೋಗ ಪರಿಮಾಣವನ್ನು ಗೊತ್ತುಮಾಡಿಕೊಂಡು, ಸೂರ್ಯಾಸ್ತದೊಳಗೆ ಒಂದು ಬಟ್ಟಲು, ಲಕ್ಷ್ಯವಿಟ್ಟು ಕುಡಿಯುವ ಹುಡುಗನೇ ವ್ರತಕ್ಕೆ ಹತ್ತಿರದವನು.

ಈಗ ನಿಜವಾದ ದೋಷಕ್ಕೆ ಬರೋಣ. ಅದು ಇಂದಿನದಲ್ಲ.

'ಅರ್ಲ್ ಗ್ರೇ' ಚಹಾದ ಡಬ್ಬಿಯ ಮೇಲೆ ಸಾಮಾನ್ಯವಾಗಿ ಒಂದು ಕಥೆ ಇರುತ್ತದೆ. 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚಾರ್ಲ್ಸ್ ಗ್ರೇ ಎಂಬ ಜಮೀನುದಾರ ಪ್ರಭುವಿಗೆ ಚೀನಾದ ಅಧಿಕಾರಿಯೊಬ್ಬ, ನೀರಿನಲ್ಲಿ ಮುಳುಗುತ್ತಿದ್ದ ತನ್ನ ಮಗನನ್ನು ಉಳಿಸಿದ ಉಪಕಾರಕ್ಕಾಗಿ, ಈ ಮಿಶ್ರಣದ ಗುಟ್ಟನ್ನು ಕೊಟ್ಟನಂತೆ. ಗ್ರೇ ಚೀನಾಕ್ಕೆ ಕಾಲಿಟ್ಟವನೇ ಅಲ್ಲ. ಚೀನಾದವರು ಚಹಾಕ್ಕೆ ಮಲ್ಲಿಗೆಯ ಗಂಧ ಕೂಡಿಸುವುದು ನಿಜ, ಆದರೆ ಬರ್ಗಮಾಟ್ ಅವರ ಸಂಪ್ರದಾಯದಲ್ಲಿಲ್ಲ. ಆತನ ಮಂತ್ರಿಮಂಡಲ ನಿಜವಾಗಿ ಮಾಡಿದ ಕೆಲಸಗಳು ಬೇರೆ ಇವೆ. 1833ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯಿದೆ ಬಂದಿತು; 2 ಕೋಟಿ ಪೌಂಡು ಪರಿಹಾರವೂ ಗೊತ್ತಾಯಿತು, ಗುಲಾಮರಿಗಲ್ಲ, ಅವರ ಒಡೆಯರಿಗೆ. ಅದೇ ವರ್ಷದ ಮತ್ತೊಂದು ಕಾಯಿದೆಯಿಂದ ಚೀನಾ ಚಹಾದ ಮೇಲೆ ಈಸ್ಟ್ ಇಂಡಿಯಾ ಕಂಪನಿಗಿದ್ದ ಏಕಸ್ವಾಮ್ಯ ಹೋಯಿತು. ಚಹಾದ ಇತಿಹಾಸದಲ್ಲಿ ಆತನಿಗೆ ಇರುವ ಸ್ಥಾನ ಇಷ್ಟು. ಅದನ್ನು ಬಿಟ್ಟು, ಮುಳುಗುತ್ತಿದ್ದ ಹುಡುಗನ ಕಥೆಯನ್ನು ಮಾರುತ್ತಾರೆ.

ಹಾಗಾದರೆ ಬರ್ಗಮಾಟ್ ಚಹಾಕ್ಕೆ ಸೇರಿದುದು ಹೇಗೆ? 2012ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಈ ಹೆಸರಿನ ಹಳೆಯ ಪ್ರಯೋಗಗಳನ್ನು ಹುಡುಕಿಕೊಡಿರೆಂದು ಓದುಗರನ್ನು ಕೇಳಿಕೊಂಡ ಮೇಲೆ ಹಲವು ಹಳೆಯ ದಾಖಲೆಗಳು ಬೆಳಕಿಗೆ ಬಂದವು. ಅವುಗಳ ಪ್ರಕಾರ 1820ರ ದಶಕದಲ್ಲಿಯೇ ಬರ್ಗಮಾಟನ್ನು ಬಳಸುತ್ತಿದ್ದರು, ಕೀಳು ದರ್ಜೆಯ ಚಹಾದ ರುಚಿಯನ್ನು ಮೇಲೆತ್ತಲು. 1837ರಲ್ಲಿ ಲಂಡನ್ನಿನ ಬ್ರಾಕ್ಸಾಪ್ ಎಂಬ ಕಂಪನಿಯ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯಿತು. ಅವರು ಒದಗಿಸಿದ ಚಹಾಕ್ಕೆ ಇಂಗ್ಲೆಂಡಿನಲ್ಲಿಯೇ ಬರ್ಗಮಾಟಿನ ಕೃತಕ ವಾಸನೆ ಕೊಟ್ಟಿದ್ದುದು ಕಂಡುಬಂದಿತ್ತು. ಗ್ರೇ ಪ್ರಭು ತೀರಿಕೊಂಡದ್ದು 1845ರಲ್ಲಿ. 'ಅರ್ಲ್ ಗ್ರೇ ಮಿಶ್ರಣ' ಎಂಬ ಹೆಸರಿನ ಜಾಹೀರಾತು ಲಂಡನ್ನಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು 1880ರ ದಶಕದಲ್ಲಿ. ನಡುವಿನ ಕಾಲದಲ್ಲಿ ಏನಾಯಿತೆಂಬುದನ್ನು ವ್ಯಾಪಾರಿಯಾದವನು ಊಹಿಸಬಲ್ಲ. ಒಂದು ಕಾಲಕ್ಕೆ ಕಲಬೆರಕೆಯೆಂದು ಕಟಕಟೆ ಹತ್ತಿದ ಪದಾರ್ಥ ಒಂದು ದೊಡ್ಡ ಹೆಸರನ್ನೂ ಒಂದು ಚೆಂದದ ಕಥೆಯನ್ನೂ ಸಂಪಾದಿಸಿಕೊಂಡು ಮೊದಲಿಗಿಂತ ಹೆಚ್ಚಿನ ಬೆಲೆಗೆ ಅಂಗಡಿಗೆ ಮರಳಿತು.

ಇದಕ್ಕೆ ನಮ್ಮಲ್ಲಿ ಹೆಸರಿಲ್ಲವೆ? ಇದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದನ್ನು ತತ್ತ್ವಾರ್ಥಸೂತ್ರಕಾರರು ಪ್ರತಿರೂಪಕ ವ್ಯವಹಾರವೆಂದರು. ಪೂಜ್ಯಪಾದರು ಅದನ್ನು ವಿವರಿಸುವಾಗ ಕೃತಕವಾದ ಚಿನ್ನ ಮುಂತಾದುವುಗಳಿಂದ ವಂಚಿಸಿ ನಡೆಸುವ ವ್ಯಾಪಾರವೆಂದು ತಿಳಿಸಿದ್ದಾರೆ. ಸಮಂತಭದ್ರರು ಅದನ್ನೇ ಸದೃಶಸನ್ಮಿಶ್ರವೆಂದು ಕರೆದರು, ಎಂದರೆ ಹೋಲುವುದನ್ನು ಹೋಲುವುದರೊಡನೆ ಬೆರೆಸುವುದು. ಈ ದೋಷವನ್ನು ಆಚಾರ್ಯರು ಸತ್ಯವ್ರತದ ಕೆಳಗೆ ಇಡಲಿಲ್ಲ, ಅಚೌರ್ಯದ ಕೆಳಗೆ ಇಟ್ಟರು. ಏಕೆಂದು ನಮ್ಮ ಸ್ವಾಧ್ಯಾಯ ಮಂಡಲಿಗಳಲ್ಲಿ ಯಾರಾದರೂ ಚರ್ಚಿಸಿದುದನ್ನು ನಾನು ಕೇಳಿಲ್ಲ.

ನಾನು ವಾಣಿಜ್ಯಶಾಸ್ತ್ರ ಓದಿದವನು, ಲೆಕ್ಕದ ಭಾಷೆಯಲ್ಲಿ ಹೇಳುತ್ತೇನೆ. ಕಿಲೋವಿಗೆ 200 ರೂಪಾಯಿಯ ಸಾಧಾರಣ ಎಲೆಗೆ 20 ರೂಪಾಯಿಯ ಎಸೆನ್ಸನ್ನು ಚಿಮುಕಿಸಿ 600 ರೂಪಾಯಿಗೆ ಮಾರಿದರೆಂದು ಇಟ್ಟುಕೊಳ್ಳೋಣ. ಉಳಿದ 380 ರೂಪಾಯಿ ಯಾವ ಖಾತೆಗೆ ಹೋಗಬೇಕು? 'ಇದು ಸಾಧಾರಣ ಎಲೆ, ಪರಿಮಳ ನಾವು ಬೆರೆಸಿದ್ದು, ಬೆಲೆ ಇಷ್ಟು' ಎಂದು ಹೇಳಿ ಮಾರಿದರೆ ಅಷ್ಟೂ ಲಾಭ. ಗಿರಾಕಿ ತಿಳಿದು ಕೊಟ್ಟಿದ್ದಾನೆ. ಹೇಳದೆ, ತೋಟದ ಉತ್ತಮ ಎಲೆಯ ಸಹಜ ಪರಿಮಳವೆಂಬ ಭಾವನೆ ಹುಟ್ಟಿಸಿ ಮಾರಿದರೆ, ಆತ ಹಣ ಕೊಟ್ಟದ್ದು ಒಳ್ಳೆಯ ಎಲೆಗೆ, ಎಸೆನ್ಸಿಗಲ್ಲ. ಎಸೆನ್ಸಿನ ಸಲುವಾಗಿ ನಾವು ಇಟ್ಟುಕೊಂಡ ಹಣವನ್ನು ಆತ ನಮಗೆ ಕೊಟ್ಟೇ ಇಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ, ಅದೇ ಕಳವಿನ ಲಕ್ಷಣ. ಆಚಾರ್ಯರು ಅತಿಚಾರವನ್ನು ಎಲ್ಲಿ ಇಟ್ಟರೆಂಬುದಕ್ಕೆ ಇದೇ ಸಮಾಧಾನವೆಂದು ನನಗೆ ತೋರುತ್ತದೆ. ಜಮಾ ಖರ್ಚು ಬಲ್ಲವರು ಇದನ್ನು ಬರೆದಿರಬೇಕೆಂದು ಎಷ್ಟೋ ಸಲ ಅನ್ನಿಸಿದೆ.

ಇದು ಲಂಡನ್ನಿನ ಹಳೆಯ ಕಥೆಯೆಂದು ಪಕ್ಕಕ್ಕಿಡುವಂತಿಲ್ಲ. ನಾನು ವಾಸಿಸುವ ಉದಯಗಿರಿಯಲ್ಲಿ (ಖಾರವೇಲನ ಶಾಸನವಿರುವ ಒಡಿಶಾದ ಬೆಟ್ಟದ ಹೆಸರೇ ನಮ್ಮ ಬಡಾವಣೆಗೂ ಇದೆಯೆಂಬುದು ನನಗೊಂದು ಸಣ್ಣ ಹೆಮ್ಮೆ) ಚಹಾದಂಗಡಿಗಳಿಗೆ ಕೊರತೆಯಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಏಜೆಂಟ್ ನನ್ನ ಮಳಿಗೆಗೆ ಬಂದು ಸಣ್ಣ ಬಾಟಲಿಗಳ ಪೆಟ್ಟಿಗೆಯನ್ನು ತೆರೆದಿಟ್ಟ. ಒಂದರಲ್ಲಿ ಏಲಕ್ಕಿಯ ವಾಸನೆ, ಒಂದರಲ್ಲಿ ಮಲ್ಲಿಗೆ, ಒಂದರಲ್ಲಿ ಬರ್ಗಮಾಟ್. ಒಂದು ಚೀಲ ಡಸ್ಟಿಗೆ ಇಷ್ಟು ಮಿಲಿ ಸಾಕು, ಯಾರಿಗೂ ಗೊತ್ತಾಗುವುದಿಲ್ಲ ಎಂದ. ಆಹಾರಕ್ಕೆ ಬಳಸತಕ್ಕದ್ದೇ ಎಂದು ಕೇಳಿದೆ. 'ಅಗರಬತ್ತಿಯವರೂ ಇದನ್ನೇ ಕೊಳ್ಳುತ್ತಾರೆ ಸ್ವಾಮಿ, ಒಳ್ಳೆಯ ಮಾಲು' ಎಂಬ ಉತ್ತರ ಬಂತು. ಮೈಸೂರು ಅಗರಬತ್ತಿಯ ಊರು, ಸುಗಂಧದ್ರವ್ಯಗಳು ಇಲ್ಲಿ ಸುಲಭವಾಗಿ ಸಿಕ್ಕುತ್ತವೆ. ಸುಡುವುದಕ್ಕೆಂದು ಮಾಡಿದ ದ್ರವ್ಯ ಕುಡಿಯುವುದಕ್ಕೆ ಆಗದೆಂಬುದು ಆತನಿಗೆ ಪ್ರಶ್ನೆಯಾಗಿಯೇ ಕಾಣಲಿಲ್ಲ. ಆತನನ್ನು ಹಿಂದಕ್ಕೆ ಕಳಿಸಿದೆ. ಆದರೆ ಆತ ಆ ಪೆಟ್ಟಿಗೆಯನ್ನು ಹೊತ್ತು ಸುಮ್ಮನೆ ತಿರುಗುತ್ತಿರಲಿಲ್ಲ. ಕೊಳ್ಳುವವರಿದ್ದರು, ಅವರಲ್ಲಿ ನಮ್ಮವರೂ ಇದ್ದರು.

ಅದೇ ಬೀದಿಯಲ್ಲಿ ಸುಲೇಮಾನಿ ಚಹಾ ಮಾಡುವವನನ್ನು ನೋಡಿ. ಕಪ್ಪು ಚಹಾಕ್ಕೆ ನಿಂಬೆಹಣ್ಣನ್ನು ನಮ್ಮ ಕಣ್ಣೆದುರಿಗೇ ಹೆಚ್ಚಿ ಹಿಂಡುತ್ತಾನೆ. ಬರ್ಗಮಾಟಿನ ಚಹಾಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ, ಎರಡೂ ನಿಂಬೆಯ ಕುಲದ ಸಹವಾಸದಿಂದ ಎಲೆಯ ಒಗರನ್ನು ಹಗುರ ಮಾಡುವ ಉಪಾಯಗಳೇ. ವ್ಯತ್ಯಾಸವಿರುವುದು ಕಣ್ಣೆದುರಿಗೆ ಎಂಬುದರಲ್ಲಿ. ಬೆರೆಸುವುದು ದೋಷವಲ್ಲ, ಮುಚ್ಚಿ ಬೆರೆಸುವುದು ದೋಷ. ಮೈಸೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಫಿಪುಡಿಯ ಅಂಗಡಿಯಲ್ಲಿ 80ಕ್ಕೆ 20 ಕೊಡಿ, 70ಕ್ಕೆ 30 ಕೊಡಿ ಎಂದು ನಾವೇ ಬಾಯಿಬಿಟ್ಟು ಕೇಳುತ್ತೇವೆ. ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ಶೇಕಡಾವಾರು ನಮೂದಿಸಬೇಕೆಂದು ಕಾನೂನಿದೆ, ಕಾಫಿ ಶೇಕಡಾ 51ಕ್ಕಿಂತ ಕಡಿಮೆಯಾಗಕೂಡದೆಂದೂ ಇದೆ. ಚಿಕೋರಿ ಬೆರೆಸಿದ ವ್ಯಾಪಾರಿಯನ್ನು ಯಾರೂ ಕಳ್ಳನೆನ್ನುವುದಿಲ್ಲ. ಚಹಾದಲ್ಲಿ ಮಾತ್ರ ಈ ಸರಳ ಸಭ್ಯತೆ ಏಕೆ ರೂಢಿಯಾಗಲಿಲ್ಲ?

ಕಾನೂನು ಇಲ್ಲವೆಂದಲ್ಲ. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ನಿಯಮಗಳಲ್ಲಿಯೇ ಪರಿಮಳ ಬೆರೆಸಿದ ಚಹಾವನ್ನು ಹಾಗೆಂದು ಪೊಟ್ಟಣದ ಮೇಲೆ ನಮೂದಿಸಬೇಕೆಂಬ ಷರತ್ತು ಸೇರಿತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಅಡಿಯಲ್ಲಿ 2011ರಲ್ಲಿ ಬಂದ ನಿಯಮಗಳೂ ಅದನ್ನು ಮುಂದುವರಿಸಿದವು. ಪರಿಮಳ ನೈಸರ್ಗಿಕವೋ, ಪ್ರಕೃತಿಸದೃಶವೋ, ಕೃತಕವೋ ಎಂಬುದನ್ನೂ ಹೇಳಬೇಕು. ಆ 'ಪ್ರಕೃತಿಸದೃಶ' ಎಂಬ ಮಾತನ್ನು ನೋಡಿದಾಗಲೆಲ್ಲ ನನಗೆ ಸಮಂತಭದ್ರರ ಸದೃಶಸನ್ಮಿಶ್ರವೇ ನೆನಪಾಗುತ್ತದೆ. ವ್ಯತ್ಯಾಸವಿಷ್ಟೆ, ಪೊಟ್ಟಣದ ಮೇಲೆ ಅಚ್ಚಾದಾಗ ಅದು ವಂಚನೆಯಾಗಿ ಉಳಿಯದೆ ನಿವೇದನೆಯಾಗುತ್ತದೆ. ಆದರೆ ಆ ಅಕ್ಷರಗಳು ಸಾಸಿವೆ ಕಾಳಿಗಿಂತ ಚಿಕ್ಕವು, ಡಬ್ಬಿಯ ತಳದಲ್ಲಿರುತ್ತವೆ. ಗ್ರೇ ಪ್ರಭುವಿನ ಕಥೆ ಮಾತ್ರ ಮುಖದ ಮೇಲೆ ದೊಡ್ಡದಾಗಿ ಇರುತ್ತದೆ. ಚೀಲದಿಂದ ತೂಗಿ ಕೊಡುವ ಬಿಡಿ ಚಹಾಕ್ಕಂತೂ ಅಚ್ಚೇ ಇಲ್ಲ. ಅಲ್ಲಿ ಅಂಗಡಿಯವನ ಬಾಯಿಯೇ ಲೇಬಲ್ಲು.

ಇಲ್ಲಿ ಕೆಲವು ತರುಣ ವ್ಯಾಪಾರಿಗಳು ಎತ್ತುವ ಪ್ರಶ್ನೆಯೊಂದಿದೆ. ಕಾರ್ಖಾನೆಯ ಲಿನಲೂಲೂ ಹಣ್ಣಿನ ಲಿನಲೂಲೂ ಒಂದೇ ಅಣು. ಗಿರಾಕಿಗೆ ಗೊತ್ತಾಗದ ಮೇಲೆ ನಷ್ಟವೇನು? ಪ್ರಶ್ನೆ ಜಾಣತನದ್ದು, ಉತ್ತರಿಸಬೇಕಾದದ್ದು. ಟರ್ಪೆಂಟೈನಿನಿಂದಲೂ ಪೆಟ್ರೋಲಿಯಂ ಮೂಲದ ವಸ್ತುಗಳಿಂದಲೂ ಇವತ್ತು ಲಿನಲೂಲ್ ಮತ್ತು ಲಿನಲಿಲ್ ಅಸಿಟೇಟ್‌ಗಳನ್ನು ತಯಾರಿಸುತ್ತಾರೆ, ಹಣ್ಣಿನ ಎಣ್ಣೆಗಿಂತ ಬಹಳ ಅಗ್ಗವಾಗಿ. ಆದರೆ ಪೂರ್ತಿ ಒಂದೇ ಎಂಬುದು ಸರಿಯಲ್ಲ. ಈ ಅಣುಗಳಿಗೆ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಎರಡು ರೂಪಗಳಿವೆ. ಬರ್ಗಮಾಟ್ ಹಣ್ಣು ತನ್ನ ಲಿನಲಿಲ್ ಅಸಿಟೇಟನ್ನು ಬಹುತೇಕ ಒಂದೇ ರೂಪದಲ್ಲಿ ಮಾಡುತ್ತದೆ, ಕಾರ್ಖಾನೆ ಸಾಮಾನ್ಯವಾಗಿ ಎರಡನ್ನೂ ಸಮಸಮವಾಗಿ ಮಾಡುತ್ತದೆ. ಪ್ರಯೋಗಶಾಲೆಯ ಯಂತ್ರ ಇದರಿಂದಲೇ ನಕಲಿ ಎಣ್ಣೆಯನ್ನು ಗುರುತಿಸುತ್ತದೆ. ಇಂಥ ಪರೀಕ್ಷೆಗಳನ್ನು ಬಲ್ಲ ವಿಜ್ಞಾನಿಗಳು ನಮ್ಮ ಊರಲ್ಲೇ ಇದ್ದಾರೆ. 1950ರಲ್ಲಿ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ತೋಟದ ಬೆಳೆ, ಸಾಂಬಾರ ಪದಾರ್ಥ ಮತ್ತು ಪರಿಮಳಗಳಿಗೆಂದೇ ಒಂದು ವಿಭಾಗವಿದೆ.

ಮನೆಯ ಬಟ್ಟಲಿನಲ್ಲಿ ಮಾತ್ರ ಸಾಮಾನ್ಯ ಮೂಗಿಗೆ ಈ ವ್ಯತ್ಯಾಸ ಸಿಕ್ಕುವುದು ಕಷ್ಟ, ಇದನ್ನು ಒಪ್ಪಲೇಬೇಕು. ಚಹಾಕ್ಕೆ ಹಾಕಿದ ಕೃತಕ ಬಣ್ಣವನ್ನಾದರೆ ಒದ್ದೆ ಸೋಸುಕಾಗದದ ಮೇಲೆ ಪುಡಿ ಉದುರಿಸಿ ಕಲೆ ಹತ್ತುವುದೇ ಎಂದು ಗೃಹಿಣಿ ನೋಡಬಹುದು. ವಾಸನೆಗೆ ಅಂಥ ಕಾಗದವಿಲ್ಲ. ಜಾಣ ತರುಣರ ವಾದ ಬಿದ್ದುಹೋಗುವುದು ಇಲ್ಲಿಯೇ. ಗಿರಾಕಿಯ ಇಂದ್ರಿಯಕ್ಕೆ ಎಟಕುವ ಕಡೆ ವ್ಯಾಪಾರಿ ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತಾನೆ, ಆದ್ದರಿಂದ ಅಲ್ಲಿ ಪ್ರಾಮಾಣಿಕನಾಗಿರುವುದು ದೊಡ್ಡ ವ್ರತವೇನಲ್ಲ. ಎಟಕದ ಕಡೆ ಆತನ ಮಾತನ್ನು ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ಅಣುವ್ರತವನ್ನು ತೆಗೆದುಕೊಂಡದ್ದು ಅಂಥ ಎಡೆಗಾಗಿಯೇ ಅಲ್ಲವೆ?

2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುತ್ತಿದ್ದ ಜಾಲ ಸಿಕ್ಕಿಬಿದ್ದಾಗ ನಮ್ಮ ಊರಿನವರಿಗೆಲ್ಲ ಎಷ್ಟು ಕೋಪ ಬಂತು! ಗಂಧದ ಹೆಸರು ಕೆಡಿಸಿದರೆಂದು ಅಂಗಡಿ ಕಟ್ಟೆಗಳ ಮೇಲೆ ಎಷ್ಟು ಮಾತಾಯಿತು! ಆ ಕೋಪದ ಒಂದಂಶವನ್ನು ಚಹಾದ ಚೀಲದ ಕಡೆಗೂ ತಿರುಗಿಸಬಾರದೆ? ಅದು ನಮ್ಮ ಹೆಸರಲ್ಲ, ಇಂಗ್ಲಿಷ್ ಪ್ರಭುವಿನ ಹೆಸರು, ಕೆಟ್ಟರೆ ಕೆಡಲಿ ಎಂಬ ಭಾವನೆಯಿದ್ದರೆ ಹೇಳಿಬಿಡಲಿ.

ಸವಿಯುವ ಮಕ್ಕಳಿಗೂ ಎರಡು ಮಾತು. ಹೊಗಳುವ ಮೊದಲು ಪರೀಕ್ಷಿಸಿ. ನೀರನ್ನು ಕುದಿಸಿ ಎಲೆಯ ಮೇಲೆ ಸುರಿದು ಮೂರು ನಾಲ್ಕು ನಿಮಿಷ ಮುಚ್ಚಿಡಿ. ನಮ್ಮ ಮನೆಗಳ ಅಭ್ಯಾಸದಂತೆ ಎಲೆಯನ್ನು ಒಲೆಯ ಮೇಲೆ ಕುದಿಸಿದರೆ ಬರ್ಗಮಾಟ್ ಆವಿಯಾಗಿ ಅಡಿಗೆಮನೆಗೆ ಹೋಗುತ್ತದೆ, ಬಟ್ಟಲಿನಲ್ಲಿ ಕಹಿಯೊಂದೇ ನಿಲ್ಲುತ್ತದೆ. ಬಿಸಿಯಾಗಿದ್ದಾಗ ಎಲ್ಲ ಪರಿಮಳದ ಚಹಾವೂ ಚೆನ್ನಾಗಿಯೇ ಇರುತ್ತದೆ. ಅರ್ಧ ಬಟ್ಟಲನ್ನು ಹಾಗೆಯೇ ಬಿಟ್ಟು ಪೂರ್ತಿ ಆರಿದ ಮೇಲೆ ಕುಡಿದು ನೋಡಿ. ಆಗ ಮೇಲಿನ ಹೂವು ಅಡಗಿ ಕೆಳಗಿನ ಎಲೆ ಮಾತನಾಡುತ್ತದೆ. ಒಳ್ಳೆಯ ಎಲೆಯಾದರೆ ಒಗರು ದುಂಡಾಗಿ, ಚುರುಕಾಗಿ, ನಾಲಿಗೆಯ ಮೇಲೆ ಕೊಂಚ ಸಿಹಿಯನ್ನು ಬಿಟ್ಟು ಹೋಗುತ್ತದೆ. ಕೀಳು ಎಲೆಯಾದರೆ ಒಣಗಿದ ಹುಲ್ಲಿನಂತೆಯೋ ಬರೇ ಕಹಿಯಾಗಿಯೋ ನಿಲ್ಲುತ್ತದೆ. ಪರಿಮಳದ ಮೂಲವನ್ನು ಮೂಗು ಹೇಳಲಾರದು, ಎಲೆಯ ಯೋಗ್ಯತೆಯನ್ನು ನಾಲಿಗೆ ಹೇಳಬಲ್ಲದು. ಡಬ್ಬಿಯ ಮೇಲಿನ ಕಥೆಯನ್ನು ಓದಿ ಮೈಮರೆಯುವವನಿಗಿಂತ ಈ ಪರೀಕ್ಷೆ ಮಾಡಬಲ್ಲವನು ವ್ಯಾಪಾರಿಯ ಮಗನೆನಿಸಿಕೊಳ್ಳಲು ಯೋಗ್ಯ.

ಹೂವಿನ ಪರಿಮಳವೇ ಬೇಕೆಂದರೆ ಮಾರ್ಗಗಳು ಬೇರೆಯೂ ಇವೆ. ಚೀನಾದ ಮಲ್ಲಿಗೆ ಚಹಾದಲ್ಲಿ ಹಗಲು ಬಿಡಿಸಿದ ಮೊಗ್ಗುಗಳನ್ನು ಎಲೆಯೊಡನೆ ಹರಡುತ್ತಾರೆ. ಮೊಗ್ಗು ರಾತ್ರಿ ಅರಳಿ ಗಂಧವನ್ನು ಎಲೆಗೆ ಬಿಟ್ಟುಕೊಡುತ್ತದೆ, ಬೆಳಗಾದ ಮೇಲೆ ಹೂವನ್ನು ಬೇರ್ಪಡಿಸಿ, ಹೊಸ ಹೂವಿನಿಂದ ಇದನ್ನೇ ಹಲವು ಸಲ ಮಾಡುತ್ತಾರೆ. ಕಸಬು ದೊಡ್ಡದು, ಆದರೆ ಹೂವಿನೊಳಗಿನ ಸೂಕ್ಷ್ಮಜೀವಿಗಳ ವಿಚಾರವನ್ನು ನಮ್ಮವರು ಎತ್ತದೆ ಬಿಡುವುದಿಲ್ಲ, ಅದು ನ್ಯಾಯವೂ ಹೌದು. ಡಾರ್ಜಿಲಿಂಗಿನ ಬೇಸಿಗೆಯ ಕೊಯ್ಲಿಗೆ ದ್ರಾಕ್ಷಿಯಂಥ ಪ್ರಸಿದ್ಧ ಗಂಧ ಬರುವುದು ಪುಟ್ಟ ಕೀಟಗಳು ಎಲೆಯ ರಸ ಹೀರಿದಾಗ ಗಿಡ ತೋರುವ ಪ್ರತಿಕ್ರಿಯೆಯಿಂದ. ಕೀಟವನ್ನು ಕೊಲ್ಲದೆ ಬಿಟ್ಟ ತೋಟಕ್ಕೆ ಹೆಚ್ಚಿನ ಬೆಲೆ ಸಿಕ್ಕುವುದೆಂಬುದನ್ನು ಓದಿ ನನಗೆ ಸಂತೋಷವಾಯಿತು. ನಮಗೆ ಸಮೀಪದ್ದು ಬೇಕಾದರೆ ನೀಲಗಿರಿಯ ಉದ್ದೆಲೆ ಇದೆ, ನಮ್ಮ ಹೇರಳೆಕಾಯಿ ಇದೆ. ಹೇರಳೆಯ ಸಿಪ್ಪೆಯನ್ನು ಒಳಗಿನ ಬಿಳಿಯ ಪೊರೆ ಬಾರದಂತೆ ತೆಳ್ಳಗೆ ಹೆರೆದು ನೆರಳಲ್ಲಿ ಒಣಗಿಸಿ, ಎಲೆಯೊಡನೆ ಡಬ್ಬಿಯಲ್ಲಿ ಒಂದು ವಾರ ಮುಚ್ಚಿಟ್ಟು ನೋಡಿ. ನಾನು ಮಾಡಿದ್ದೇನೆ. ಬರ್ಗಮಾಟಿನಷ್ಟು ನಯವಿಲ್ಲ, ಕಹಿಯ ಒಂದು ಎಳೆ ಜಾಸ್ತಿ, ಆದರೆ ಬೆಳಗಿನ ಹೊತ್ತಿಗೆ ಬಹಳ ಚೆನ್ನಾಗಿರುತ್ತದೆ.

ಅದನ್ನು ಮಾರಾಟಕ್ಕಿಡಬಾರದೇಕೆ ಎಂದು ಸ್ನೇಹಿತರೊಬ್ಬರು ಕೇಳಿದರು, ಅದಕ್ಕೆ ತಕ್ಕ ಘನವಾದ ಹೆಸರೊಂದನ್ನೂ ಇಂಗ್ಲಿಷಿನಲ್ಲಿ ಸೂಚಿಸಿದರು. ಹೆಸರನ್ನು ಒಪ್ಪಲಿಲ್ಲ. ಈಗ ಮಳಿಗೆಯ ಮುಂದುಗಡೆಯ ಹಲಗೆಯ ಮೇಲೆ ಎರಡು ಡಬ್ಬಿಗಳಿವೆ. ಒಂದರ ಮೇಲೆ 'ನೀಲಗಿರಿ ಎಲೆ, ಒಣಗಿಸಿದ ಹೇರಳೆ ಸಿಪ್ಪೆ ಬೆರೆಸಿದ್ದು' ಎಂದೂ, ಇನ್ನೊಂದರ ಮೇಲೆ 'ನೀಲಗಿರಿ ಎಲೆ, ಏನೂ ಬೆರೆಸಿಲ್ಲ' ಎಂದೂ ಬೆರಳುದ್ದದ ಅಕ್ಷರಗಳಲ್ಲಿ ಬರೆಸಿದ್ದೇನೆ. ಕೆಳಗೆ ಕಿಲೋ ಬೆಲೆ ಇದೆ. ಎರಡರ ನಡುವಿನ ಅಂತರ ಸಿಪ್ಪೆಯ ಬೆಲೆಯೂ ಕೂಲಿಯೂ ಕೂಡಿದಷ್ಟು.